ಹಿಮ್ಮಡಿಯ ಕೆಮ್ಮಣ್ಣು

ಹೊಳೆದಂಡೆಯ ಆಶ್ರಮದಲ್ಲಿ ಹೇಮಯ್ಯನೆಂಬ ಗುರುಗಳಿದ್ದರು. ಕಳವೋ ಕೊಲೆಯೋ ನಡೆದರೆ ಸುತ್ತಲ ಊರಿನವರು ಅವರ ಬಳಿಗೇ ಓಡಿಬರುತ್ತಿದ್ದರು.

ಗುರುಗಳು ಯಾರನ್ನೂ ಗದರಿಸುತ್ತಿರಲಿಲ್ಲ, ಆಣೆ ಹಾಕಿಸುತ್ತಿರಲಿಲ್ಲ. ಒಂದು ಕೂದಲು, ನೂಲಿನ ಎಳೆ, ಚಿಟಿಕೆ ಮಣ್ಣು ಸಿಕ್ಕರೆ ಸಾಕು, ಸ್ಫಟಿಕದ ಬಿಲ್ಲೆಯಡಿ ಇಟ್ಟು ನೋಡುತ್ತಿದ್ದರು. ಆ ಬಿಲ್ಲೆಯಲ್ಲಿ ಸಾಸಿವೆ ಕಡಲೆಯಷ್ಟು ದಪ್ಪ ಕಾಣುತ್ತಿತ್ತು.

ಅವರದೊಂದು ನಿಯಮವಿತ್ತು. ಕಳವು ನಡೆದ ಮನೆಯ ಹೊಸ್ತಿಲಲ್ಲಿ ಹಸಿ ಜೇಡಿಮಣ್ಣು ತುಂಬಿದ ಮರದ ಮರಿಗೆ ಇಡಬೇಕು. ಪರೀಕ್ಷೆಗೆ ಹೋಗುವವನು ಮೊದಲು ತನ್ನ ಅಂಗಾಲನ್ನು ಅದರಲ್ಲಿ ಒತ್ತಿ, ಆಮೇಲೆ ಒಳಗೆ ಹೋಗಬೇಕು.

"ಕಳ್ಳನ ಗುರುತು ಹುಡುಕುವ ಮುಂಚೆ ನಿನ್ನ ಗುರುತು ಗೊತ್ತಿರಲಿ," ಎನ್ನುತ್ತಿದ್ದರು.

ಹಿರಿಯ ಶಿಷ್ಯ ಇಂದುಧರ ಬಹಳ ವರ್ಷಗಳಿಂದ ಅಲ್ಲಿದ್ದ. ಹೊನ್ನಯ್ಯ ನಿನ್ನೆ ಮೊನ್ನೆ ಬಂದವನು.

ಒಮ್ಮೆ ಕನ್ನ ಹಾಕಿದ ಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ಕಬ್ಬಿಣದ ಚೂರನ್ನು ಹೊನ್ನಯ್ಯ ಕಿತ್ತು ತಂದ. ಊರಿನ ಕುಡುಗೋಲುಗಳನ್ನೆಲ್ಲ ತರಿಸಿ, ಬಾಯಿ ಮುರಿದಿದ್ದ ಒಂದಕ್ಕೆ ಅದನ್ನು ಕೂಡಿಸಿ ತೋರಿಸಿದ. ಗುರುಗಳು "ಭೇಷ್" ಎಂದರು.

ಇಂದುಧರನಿಗೆ ಆ ಮಾತು ಒಮ್ಮೆಯೂ ಸಿಕ್ಕಿರಲಿಲ್ಲ. ಅವತ್ತು ಅವನಿಗೆ ಅನ್ನ ಇಳಿಯಲಿಲ್ಲ. ಹೊನ್ನಯ್ಯ ನಕ್ಕರೆ ಉರಿ, ಸುಮ್ಮನಿದ್ದರೂ ಉರಿ. ಗುರುಗಳು ಮುಂದೆ ಬಿಲ್ಲೆಯನ್ನು ಯಾರಿಗೆ ಕೊಟ್ಟಾರು ಎಂಬ ಯೋಚನೆಯಲ್ಲೇ ಸೊರಗಿದ.

ಹೀಗಿರುವಾಗ ಒಂದು ಬೆಳಗ್ಗೆ ಗುರುಗಳು ಪಕ್ಕದ ಊರಿಗೆ ಹೋಗಿ ಬರುವಷ್ಟರಲ್ಲಿ ಅವರ ಕೋಣೆಯ ಅಗುಳಿ ತೆಗೆದಿತ್ತು. ಬಿಲ್ಲೆ ಇರಲಿಲ್ಲ.

ಗುರುಗಳು ಹೊಸ್ತಿಲಲ್ಲೇ ನಿಂತು ನೋಡಿದರು. ನೆಲದ ಮೇಲೆ ಗುಡಿಸದ ಧೂಳಿತ್ತು, ಅದರಲ್ಲಿ ಬಾಗಿಲಿಂದ ಸ್ಪಷ್ಟವಾಗಿ ಕಾಣದ ಕೆಲವು ಗುರುತುಗಳಿದ್ದವು. ಒಳಗೆ ಕಾಲಿಡದೆ ಮರಿಗೆ ತರಿಸಿ ಇಟ್ಟು, ಇಂದುಧರನನ್ನು ಕರೆದರು.

"ನೀನು ನೋಡು. ನಾನು ಹೊಳೆಯ ಹತ್ತಿರ ಇರುತ್ತೇನೆ."

ಸಂಜೆಗೆ ಇಂದುಧರ ಎಲೆಯಲ್ಲಿ ಚಿಟಿಕೆ ಮಣ್ಣು ಕಟ್ಟಿಕೊಂಡು ಬಂದ. ಅವನ ಹಿಂದೆ ಊರಗೌಡರೂ ನಾಲ್ಕು ಜನರೂ ಇದ್ದರು. ಅವರಿಗೆ ಸುದ್ದಿ ಮುಟ್ಟಿಸಿದವನೂ ಇಂದುಧರನೇ.

"ಸಿಕ್ಕಿತು ಗುರುಗಳೇ. ನಿಮ್ಮ ಕೋಣೆಯಲ್ಲಿ ಕೆಮ್ಮಣ್ಣು. ಈ ಹೊಳೆದಂಡೆಯಲ್ಲೆಲ್ಲ ಕರಿಮಣ್ಣು. ಕೆಮ್ಮಣ್ಣು ಇರುವುದು ಒಂದೇ ಕಡೆ. ಗುಡ್ಡದಿಂದ ಹೊತ್ತು ತಂದು ಹೊನ್ನಯ್ಯ ತನ್ನ ಗುಡಿಸಲಿನ ನೆಲಕ್ಕೆ ಹಾಕಿದ್ದಾನೆ."

ಗುರುಗಳ ಪಕ್ಕದಲ್ಲೇ ಇದ್ದ ಹೊನ್ನಯ್ಯ ಗಾಬರಿಯಿಂದ ತನ್ನ ಕಾಲು ನೋಡಿಕೊಂಡ.

"ನೋಡಿ, ನೋಡಿ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ!" ಎಂದ ಇಂದುಧರ.

"ಅಣ್ಣಾ, ನಾನು ಆ ಕೋಣೆಗೆ ಒಂದು ದಿನವೂ ಕಾಲಿಟ್ಟವನಲ್ಲ," ಎಂದ ಹೊನ್ನಯ್ಯ.

"ಮತ್ತೆ ಮಣ್ಣಿಗೇನು ಕಾಲು ಬಂದಿತ್ತೇ?" ಎಂದರು ಗೌಡರು. "ಗುರುಗಳೇ, ಇವನನ್ನು ಈಗಲೇ ಊರಾಚೆ ದಾಟಿಸುತ್ತೇವೆ."

ಗುರುಗಳು ಎದ್ದು ಎಲ್ಲರನ್ನೂ ಕೋಣೆಯ ಬಾಗಿಲಿಗೆ ಕರೆದುಕೊಂಡು ಹೋದರು. ಮರಿಗೆಯ ಜೇಡಿಮಣ್ಣು ಬೆಳಗ್ಗೆ ಹೇಗಿತ್ತೋ ಹಾಗೇ ನುಣ್ಣಗಿತ್ತು.

"ನಿನ್ನ ಹೆಜ್ಜೆ ಎಲ್ಲಿ ಇಂದುಧರ?"

"ನಾನೇನು ಕಳ್ಳನೇ ಗುರುಗಳೇ? ದಾಟಿಕೊಂಡು ಹೋದೆ."

"ಈಗ ಇಡು."

ಇಂದುಧರ ಬಲಗಾಲು ಒತ್ತಿ ತೆಗೆದ. ಬಿಳಿ ಜೇಡಿಯಲ್ಲಿ ಅಂಗಾಲು ಚೆನ್ನಾಗಿ ಮೂಡಿತ್ತು. ಹಿಮ್ಮಡಿಯ ಬಿರುಕುಗಳು ಒತ್ತಿದ್ದ ಕಡೆ ಕೆಂಪು ಕಾಳುಗಳು ಉಳಿದಿದ್ದವು.

ಗುರುಗಳು ಎಲೆಯ ಪೊಟ್ಟಣ ಬಿಚ್ಚಿ ಮರಿಗೆಯ ಪಕ್ಕ ಇಟ್ಟರು. ಎರಡೂ ಒಂದೇ ಮಣ್ಣು. ನೋಡಲು ಬಿಲ್ಲೆ ಬೇಕಿರಲಿಲ್ಲ.

"ಬೆಳಗ್ಗೆ ಮೊದಲು ಎಲ್ಲಿಗೆ ಹೋದೆ?"

"ಹೊನ್ನಯ್ಯನ ಗುಡಿಸಲಿಗೆ."

"ಕಳುವಾದದ್ದು ಎಲ್ಲಿ?"

"ಇಲ್ಲಿ."

"ಅಲ್ಲಿ ಏನು ಸಿಕ್ಕಿತು?"

"ಏನೂ ಸಿಗಲಿಲ್ಲ. ಮೂಲೆ ಮೂಲೆ ಕೆದಕಿದೆ. ಆಮೇಲೆ ಇಲ್ಲಿಗೆ ಬಂದೆ."

"ಅಲ್ಲಿಗೇ ಯಾಕೆ ಮೊದಲು ಹೋದೆ?"

ಇಂದುಧರ ತಲೆ ತಗ್ಗಿಸಿದ. "ಅವನೇ ಕಳ್ಳನಾಗಿರಲಿ ಅಂತ ಆಸೆಯಿತ್ತು ಗುರುಗಳೇ. ಅವನಿಗೆ ನೀವು ಭೇಷ್ ಅಂದಿರಿ. ನನಗೆ ಹೊಟ್ಟೆಕಿಚ್ಚು. ಆದರೆ ಈ ಮಣ್ಣು ನಾನು ಬೇಕೆಂದು ಹಾಕಿದ್ದಲ್ಲ, ನಿಮ್ಮ ಪಾದದಾಣೆ. ಕಂಡಾಗ ನಿಜಕ್ಕೂ ಅವನದೇ ಅಂದುಕೊಂಡೆ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

"ಅದು ಸರಿ, ನಿಜವಾದ ಕಳ್ಳ ಯಾರು?" ಎಂದರು ಗೌಡರು.

ಗುರುಗಳು ಒಳಗೆ ಕೈ ತೋರಿಸಿದರು. ಗೋಡೆಯಿಂದ ಗೋಡೆಗೆ ಇಂದುಧರನ ಹೆಜ್ಜೆಗಳೇ ಇದ್ದವು. ಅವುಗಳ ಕೆಳಗೆ ಅಲ್ಲೊಂದು ಇಲ್ಲೊಂದು ಅರ್ಧ ಅಳಿಸಿದ ಗೀಟು.

"ಬೆಳಗ್ಗೆ ಈ ಧೂಳಿನಲ್ಲಿ ಬಂದವನ ಗುರುತು ಇತ್ತು. ಈಗ ಇಲ್ಲ."

ಹೊನ್ನಯ್ಯನಿಗೆ ಆಗ ಅರ್ಥವಾಯಿತು.

"ಹಾಗಾದರೆ ನಾನು ಕದ್ದಿಲ್ಲ ಅನ್ನುವುದನ್ನು ಹೇಗೆ ತೋರಿಸಲಿ ಗುರುಗಳೇ?"

"ತೋರಿಸುವುದಕ್ಕೆ ಏನೂ ಉಳಿದಿಲ್ಲ ಮಗೂ."

ಗೌಡರು ಒಂದು ಸಲ ಕೆಮ್ಮಿದರು. ಬಂದವರೆಲ್ಲ ಹೊರಟರು. ಹೋಗುವಾಗ ಗೌಡರು ಹೊನ್ನಯ್ಯನ ಮುಖ ನೋಡಿದರು. ನಾಲ್ಕು ಮಾರು ಹೋಗಿ, ತಿರುಗಿ ಇನ್ನೊಮ್ಮೆ ನೋಡಿದರು.

ಇಂದುಧರ ಗುರುಗಳ ಕಾಲಿಗೆ ಬಿದ್ದ. "ತಪ್ಪಾಯಿತು. ನನ್ನನ್ನು ಆಶ್ರಮದಿಂದ ಹೊರಗೆ ಹಾಕಿ."

"ಹೋಗುವುದು ಬೇಡ, ಇಲ್ಲೇ ಇರು," ಎಂದರು ಗುರುಗಳು. "ನಾಳೆಯಿಂದ ಜನ ಹೊನ್ನಯ್ಯನನ್ನು ಒಮ್ಮೆ ನೋಡುತ್ತಾರೆ, ಮುಂದೆ ಹೋಗಿ ತಿರುಗಿ ಇನ್ನೊಮ್ಮೆ ನೋಡುತ್ತಾರೆ. ಆ ಎರಡನೆಯ ನೋಟದಲ್ಲಿ ಯಾರ ಹೆಜ್ಜೆ ಇದೆ ಅಂತ ದಿನಾ ನೋಡು."