ದೊಡ್ಡೀರ ಕಟ್ಟಿದ ಮಣ್ಣಿಟ್ಟಿಗೆ ಮನೆ

ಒಂದೂರು. ಹೆಸರು ಮಾತ್ರ ಕೇಳಬೇಡಿ, ಹೇಳಿದರೆ ಆ ಊರಿನವರು ನನ್ನ ಜೊತೆ ಜಗಳಕ್ಕೆ ಬರುತ್ತಾರೆ. ಆ ಊರಲ್ಲಿ ನಿಂಗಾಜಮ್ಮ ಅಂತ ಒಬ್ಬ ತಾಯಿ, ಅವಳಿಗೆ ದೊಡ್ಡೀರ ಅಂತ ಒಬ್ಬ ಮಗ. ಮೈಕಟ್ಟು ನೋಡಿದರೆ ಆನೆಮರಿ. ಒಂದು ಗಾಡಿ ಮಣ್ಣನ್ನು ಒಬ್ಬನೇ ತುಂಬಿ ಒಬ್ಬನೇ ಇಳಿಸುತ್ತಿದ್ದ. ಬುದ್ಧಿ ಹಂಚುವ ದಿನ ಮಾತ್ರ ಎಲ್ಲೋ ಮಲಗಿ ನಿದ್ದೆ ಹೊಡೆದಿರಬೇಕು. ಸೋಮಾರಿಯಲ್ಲ, ಮಾತು ಮೀರುವವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ.

ತಾಯಿ ಮಗ ಇಬ್ಬರೂ ನಿಂಗಾಜಮ್ಮನ ಅಣ್ಣನ ರೇಷ್ಮೆಹುಳು ಸಾಕುವ ಮನೆಯ ಒಂದು ಮೂಲೆಯಲ್ಲಿ ಇದ್ದರು. ಹಾಗೇ ಇದ್ದುಬಿಡುತ್ತಿದ್ದರೋ ಏನೋ, ಆದರೆ ಮದುವೆ ಮಾಡಿ ಕೊಟ್ಟಿದ್ದ ಮಗಳು ಚಂದ್ರಿ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನದು. ಬೀಗಿತ್ತಿ ಪುಟ್ಟಗೌರಮ್ಮ ಖಡಕ್ಕಾಗಿ ಹೇಳಿ ಕಳಿಸಿದಳು: "ತವರು ಅಂದ್ರೆ ಯಾವ್ದು? ಹುಳಿನ ಮನೇನಾ? ಒಂಬತ್ತು ತಿಂಗಳು ತುಂಬೋದ್ರೊಳಗೆ ಒಂದು ಮನೆ ಎದ್ದಿದ್ರೆ ಕಳಿಸ್ತೀನಿ. ಇಲ್ದಿದ್ರೆ ಬಾಣಂತನ ನಮ್ಮಲ್ಲೇ."

ಮಗಳ ಬಾಣಂತನ ಮಾಡದ ತಾಯಿ ಅನ್ನಿಸಿಕೊಳ್ಳುವುದು ನಿಂಗಾಜಮ್ಮನಿಗೆ ಬೇಡವಾಗಿತ್ತು. ಅವಳದು ಅಂತ ಒಂದು ಖಾಲಿ ಜಾಗವೇನೋ ಇತ್ತು, ಕಟ್ಟಲು ದುಡ್ಡಿರಲಿಲ್ಲ. ಅಂಕಪ್ಪ ಮೇಸ್ತ್ರಿಯ ಹತ್ತಿರ ಹೋಗಿ ಅತ್ತಳು. ಮೇಸ್ತ್ರಿ ಹೇಳಿದ, "ಅಳ್ಬೇಡ ಕಣಕ್ಕ. ನಿನ್ ಜಾಗದ ಸುತ್ತಲ ಮಣ್ಣಿಗೇ ಒಂಚೂರು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡ್ತೀನಿ. ಸುಡೋದು ಬೇಡ, ಸೌದೆ ಖರ್ಚಿಲ್ಲ. ಕೂಲಿಗೆ ನಿನ್ ಮಗ ಅವ್ನಲ್ಲ!"

"ಅವನಾ?" ಅಂದಳು ನಿಂಗಾಜಮ್ಮ. ಮತ್ತೆ ಅತ್ತಳು.

ಮೊದಲನೇ ದಿನ ಮೇಸ್ತ್ರಿ ಅಂದ, "ದೊಡ್ಡೀರ, ಒಂದು ಗಾಡಿ ಮಣ್ಣು ತಗೊಂಡ್ ಬಾರೋ."

ದೊಡ್ಡೀರ ಹೋದ. ಹತ್ತಿರದಲ್ಲೇ ಸಿಕ್ಕಿತು, ತುಂಬಿಕೊಂಡು ಬಂದ. ಸುರಿದರೆ ಏನು? ತಿಪ್ಪೆಗುಂಡಿಯ ಮಣ್ಣು! ಹುಲ್ಲು, ಹುಳ, ಯಾರದೋ ಒಂದು ಕಾಲಿನ ಚಪ್ಪಲಿ.

"ಅಯ್ಯೋ ನನ್ ಹೊಟ್ಟೇಲಿ ಹುಟ್ಟಿದ ಗುಂಡ್ಕಲ್ಲೇ!" ಅಂತ ನಿಂಗಾಜಮ್ಮ ಹಣೆ ಚಚ್ಚಿಕೊಂಡಳು.

"ಇದ್ರಲ್ಲಿ ಬದನೆಕಾಯಿ ಬೆಳೀಬೋದು ಕಣೋ, ಮನೆ ಬೆಳೆಯಲ್ಲ!" ಅಂದ ಮೇಸ್ತ್ರಿ. "ಏನೇ ತರೋಕೆ ಮುಂಚೆ ಪರೀಕ್ಷೆ ಮಾಡ್ಬೇಕು. ಉಂಡೆ ಕಟ್ಟಿ ಎದೆ ಮಟ್ಟಕ್ಕೆ ಹಿಡಿದು ಕೈ ಬಿಡು. ಪುಡಿಪುಡಿ ಆದ್ರೆ ಬೇಡ. ಪಚಕ್ ಅಂತ ಅಂಟಿಕೊಂಡ್ರೂ ಬೇಡ. ಎರಡು ಮೂರು ಚೂರಾದ್ರೆ ಒಳ್ಳೇದು, ಅದನ್ನೇ ತಗೊಂಡ್ ಬಾ."

"ಹೂಂ, ಇನ್ಮೇಲೆ ಹಂಗೇ!"

ಆಮೇಲೆ ಮಣ್ಣೇನೋ ಮೇಸ್ತ್ರಿಯೇ ನಿಂತು ತರಿಸಿದ. ಇಟ್ಟಿಗೆ ಒತ್ತುವ ಕೆಲಸ ಶುರುವಾಯಿತು. ಅಷ್ಟರಲ್ಲಿ ಪಟೇಲರು ತಮ್ಮ ಹಳೇ ಮನೆ ಕೆಡವಿಸಿದರು. ಮೇಸ್ತ್ರಿ ಅಂದ, "ತಾರಸಿ ಕಾಂಕ್ರೀಟಿನ ನಡುವೆ ಹಳೇ ಹೆಂಚು ಹುದುಗಿಸಿದ್ರೆ ಸಿಮೆಂಟೂ ಉಳೀತದೆ, ಮನೇನೂ ತಂಪಾಗಿರ್ತದೆ. ಪಟೇಲ್ರು ಸುಮ್ನೆ ಕೊಡ್ತಾವ್ರೆ. ಹೋಗಿ ಒಳ್ಳೊಳ್ಳೇದು ಆರಿಸ್ಕೊಂಡ್ ಬಾ."

ದೊಡ್ಡೀರ ಹೋದ. ಒಂದೊಂದೇ ಹೆಂಚು ಎತ್ತಿದ, ಎದೆ ಮಟ್ಟಕ್ಕೆ ಹಿಡಿದ, ಕೈ ಬಿಟ್ಟ. ಠಪ್! ಎರಡು ಚೂರಾಯಿತು, ಒಳ್ಳೇದು, ಗಾಡಿಗೆ. ಠಪ್! ಮೂರು ಚೂರಾಯಿತು, ಒಳ್ಳೇದು, ಗಾಡಿಗೆ. ಠಪ್! ಪುಡಿಪುಡಿ, ಬೇಡ. ಒಂದು ಹೆಂಚು ಮಾತ್ರ ಏನು ಮಾಡಿದರೂ ಒಡೆಯಲಿಲ್ಲ. ಅದನ್ನು "ಕೆಟ್ಟ ಹೆಂಚು" ಅಂತ ಪಟೇಲರಿಗೇ ವಾಪಸು ಕೊಟ್ಟು ಬಂದ.

"ಅಯ್ಯೋ ನನ್ ಹೊಟ್ಟೇಲಿ ಹುಟ್ಟಿದ ಗುಂಡ್ಕಲ್ಲೇ!"

"ಮೇಸ್ತ್ರಿ ಹೇಳ್ದಂಗೇ ಮಾಡಿದ್ನಲ್ಲವ್ವ!"

ಮೇಸ್ತ್ರಿ ಹೊಸದಾಗಿ ಒತ್ತಿಟ್ಟಿದ್ದ ಇಟ್ಟಿಗೆ ಸಾಲನ್ನು ತೋರಿಸಿದ. "ನೋಡೋ, ನಾನು ಹೆಂಗ್ ನೋಡ್ಕೊಂಡಿದೀನಿ! ತಂದದ್ದನ್ನ ಮೆಲ್ಲಗೆ ನೆರಳಲ್ಲಿ ಇಳಿಸ್ಬೇಕು. ಒದ್ದೆ ಗೋಣಿ ಹೊದಿಸ್ಬೇಕು. ಮೂರು ಹೊತ್ತೂ ನೀರು ಹಾಕ್ಬೇಕು. ಇಪ್ಪತ್ತೊಂದು ದಿನ!"

"ಹೂಂ, ಇನ್ಮೇಲೆ ಹಂಗೇ!"

ಹೆಂಚಿನ ಚೂರುಗಳನ್ನೇ ಹೇಗೋ ಜೋಡಿಸಿ ತಾರಸಿಗೆ ಹುದುಗಿಸಬಹುದು ಅಂತ ಮೇಸ್ತ್ರಿ ಸಮಾಧಾನ ಮಾಡಿಕೊಂಡ. ತಾರಸಿಗೆ ಬೇಕಾದ ಸಿಮೆಂಟನ್ನು ತಂದಿಡಲು ಹೇಳಿ, ಬೇರೆ ಊರಿನ ಕೆಲಸಕ್ಕೆ ಒಂದು ವಾರ ಹೋದ. ದೊಡ್ಡೀರ ಹತ್ತು ಮೂಟೆ ಸಿಮೆಂಟು ತಂದ. ಮೆಲ್ಲಗೆ ನೆರಳಲ್ಲಿ ಇಳಿಸಿದ. ಒದ್ದೆ ಗೋಣಿ ಹೊದಿಸಿದ. ಬೆಳಿಗ್ಗೆ ಒಂದು ಕೊಡ, ಮಧ್ಯಾಹ್ನ ಒಂದು ಕೊಡ, ಸಂಜೆ ಒಂದು ಕೊಡ. ಮಗ ಅಷ್ಟು ನಿಷ್ಠೆಯಿಂದ ನೀರು ಹೊರುವುದನ್ನು ನೋಡಿ ನಿಂಗಾಜಮ್ಮನಿಗೆ ಖುಷಿಯೇ ಆಗಿತ್ತು, ಇಟ್ಟಿಗೆಗೆ ಹಾಕುತ್ತಿದ್ದಾನೆ ಅಂತ.

ಮೇಸ್ತ್ರಿ ಬಂದು ಗೋಣಿ ಎತ್ತಿದ. ಹತ್ತು ಮೂಟೆ ಅಲ್ಲ, ಹತ್ತು ಬಂಡೆ!

"ಲೋ! ಸಿಮೆಂಟಿಗೆ ನೀರು ಹಾಕಿದ್ಯೇನೋ?"

"ಮೂರು ಹೊತ್ತೂ! ಒಂದಿನಾನೂ ತಪ್ಪಿಸ್ಲಿಲ್ಲ!"

ಚಂದ್ರಿಗೆ ಆಗಲೇ ಏಳು ತಿಂಗಳು. ನಿಂಗಾಜಮ್ಮ ತನ್ನ ಕಿವಿಯ ಓಲೆ ಬಿಚ್ಚಿ ಮೇಸ್ತ್ರಿಯ ಕೈಗೆ ಕೊಟ್ಟಳು, ಬೇರೆ ಸಿಮೆಂಟು ಬಂತು. ಹತ್ತು ಬಂಡೆಯಲ್ಲಿ ಒಂದು ಬಟ್ಟೆ ಒಗೆಯುವ ಕಲ್ಲಾಯಿತು, ಉಳಿದವು ಅಂಗಳದಲ್ಲಿ ಕೂರುವ ಕಲ್ಲಾದವು.

"ಕೇಳಿಸ್ಕೊ ಮಗ," ಅಂದಳು ತಾಯಿ. "ಬೆಲೆಬಾಳೋದು ಮನೆಗೆ ಬಂದ್ರೆ ನೆಲದ ಮೇಲೆ ಬಿಡ್ಬಾರ್ದು. ಹಲಗೆ ಮೇಲೆ ಎತ್ತಿಡು. ಟಾರ್ಪಾಲು ಸುತ್ತಿ ಹಗ್ಗ ಬಿಗಿ. ಗಾಳಿ ಆಡ್ಬಾರ್ದು. ಒಂದು ಹನಿ ನೀರು ಸೋಕಿಸ್ಬೇಡ!"

"ಹೂಂ ಕಣವ್ವ, ಇನ್ಮೇಲೆ ಹಂಗೇ!"

ಗೋಡೆ ಎದ್ದಿತು. ತಾರಸಿಯೂ ಹಾಕಿದ್ದಾಯಿತು. ಕೆಲಸ ಎಲ್ಲಿಗೆ ಬಂತು ಅಂತ ನೋಡಲು ಒಂದು ದಿನ ಪುಟ್ಟಗೌರಮ್ಮ ಬರುವುದಾಗಿ ಸುದ್ದಿ ಕಳಿಸಿದಳು. ನಿಂಗಾಜಮ್ಮ ಕೋಳಿ ತರಲು ಹೊರಟವಳು ಮಗನಿಗೆ ಹೇಳಿದಳು, "ನಮ್ಗೆ ಬೀಗ್ರಿಗಿಂತ ಬೆಲೆಬಾಳೋರು ಇಲ್ಲ ಮಗ. ನಾನು ಬರೋಗಂಟ ಜೋಪಾನವಾಗಿ ನೋಡ್ಕೊ."

ಅಷ್ಟೇ ಹೇಳಿದ್ದು. ಅವಳು ಕೋಳಿ ಹಿಡಿದುಕೊಂಡು ವಾಪಸು ಬಂದರೆ, ಹಲಗೆಯ ಮೇಲೆ ಒಂದು ನೀಲಿ ಟಾರ್ಪಾಲಿನ ಗಂಟು. ಗಂಟು ಕಿರುಚುತ್ತಿದೆ!

"ನೀರು! ಒಂದು ಗುಟುಕು ನೀರು ಕೊಡೋ ಪಾಪಿ!"

"ಸೋಕಿಸೋ ಹಂಗಿಲ್ಲ ಅತ್ತೆಮ್ಮ! ಗಟ್ಟಿಯಾಗಿಬಿಡ್ತೀರ!"

ಬಿಚ್ಚಿದಾಗ ಪುಟ್ಟಗೌರಮ್ಮ ಬೆವರಿ ತೊಪ್ಪೆಯಾಗಿದ್ದಳು. "ಮಣ್ಣಿನ ಮನೆ, ಮರುಳು ಮಗ!" ಅಂದಳು. "ಒಂದು ಮಳೆ ಹೊಡೆದ್ರೆ ಇದೆಲ್ಲ ಕರಗಿ ಹೋಗ್ತದೆ. ಮಾತು ಕೊಟ್ಟಿದೀನಿ ಅಂತ ಹುಡುಗೀನ ಕರ್ಕೊಂಡ್ ಬರ್ತೀನಿ. ಬಂದು ನೋಡ್ತೀನಿ. ಸರಿ ಇಲ್ದಿದ್ರೆ ಅದೇ ಬಸ್ಸಿಗೆ ವಾಪಸು!"

ಅವಳು ಹೋದ ಮೇಲೆ ನಿಂಗಾಜಮ್ಮ ಮಗನ ಕಿವಿ ಹಿಂಡಿದಳು. "ಮನುಷ್ಯರಿಗೆ ಗಾಳಿ ಬೇಡ್ವೇನೋ? ಮನುಷ್ಯರು ಇರೋ ಕಡೆ ಗಾಳಿ ಆಡ್ಬೇಕು!"

"ಹೌದು," ಅಂದ ಮೇಸ್ತ್ರಿ. "ನಡುಮನೇಲಿ ನಾನು ಕಟ್ಟಿದ ಜಾಲರಿ ಗೋಡೆ ನೋಡು. ಒಂದು ಇಟ್ಟಿಗೆ ಇಡು, ಒಂದು ಇಟ್ಟಿಗೆಯಷ್ಟು ಜಾಗ ಬಿಡು. ಗಾಳಿಗೆ ಗಾಳಿ, ಬೆಳಕಿಗೆ ಬೆಳಕು, ಇಟ್ಟಿಗೇನೂ ಉಳೀತದೆ."

"ಹೂಂ, ಇನ್ಮೇಲೆ ಹಂಗೇ!"

ಉಳಿದದ್ದು ಬಚ್ಚಲುಮನೆ ಒಂದೇ. ನಾಳೆ ಚಂದ್ರಿ ಬರುತ್ತಾಳೆ ಅನ್ನುವ ದಿನ ಮೇಸ್ತ್ರಿಗೆ ಜ್ವರ. ದೊಡ್ಡೀರ ಒಬ್ಬನೇ ನಿಂತು ಬಚ್ಚಲು ಕಟ್ಟಿ ಮುಗಿಸಿದ. ಮಾರನೇ ಬೆಳಿಗ್ಗೆ ನಿಂಗಾಜಮ್ಮ ಹಂಡೆ ಇಡಲು ಒಳಗೆ ಹೋದಳು. ಹೋದವಳಿಗೆ ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನು ಗೋಡೆಯೊಳಗಿಂದಲೇ ನಮಸ್ಕಾರ ಹೇಳಿದ. ಒಂದು ಇಟ್ಟಿಗೆ, ಒಂದು ತೂತು. ಒಂದು ಇಟ್ಟಿಗೆ, ಒಂದು ತೂತು. ನಾಲ್ಕೂ ಗೋಡೆ ಜಾಲರಿ!

"ಅಯ್ಯೋ ನನ್ ಹೊಟ್ಟೇಲಿ ಹುಟ್ಟಿದ ಗುಂಡ್ಕಲ್ಲೇ! ಇಲ್ಲಿ ಬಾಣಂತಿ ಸ್ನಾನ ಮಾಡ್ಬೇಕು ಕಣೋ!"

"ಮನುಷ್ಯರು ಇರೋ ಕಡೆ ಗಾಳಿ ಆಡ್ಬೇಕು ಅಂದ್ಯಲ್ಲವ್ವ!"

"ಬಾಣಂತಿಗೆ ಗಾಳಿ ಸೋಕಿದ್ರೆ ಸನ್ನಿ ಆಗ್ತದೆ! ಬಾಣಂತಿ ಮನೇಲಿ ಒಂದು ಬೆರಳು ತೂರೋವಷ್ಟು ತೂತೂ ಇರ್ಬಾರ್ದು! ಮುಚ್ಚು, ಎಲ್ಲಾ ಮುಚ್ಚು! ಎಲ್ಲಿ ತೂತು ಕಾಣ್ತದೋ ಅಲ್ಲಿ ಇಟ್ಟಿಗೆ ಇಡು!" ಅಂತ ಕೂಗಿ, ಬಸ್ಸಿನ ಹೊತ್ತಾಯಿತೆಂದು ಓಡಿದಳು.

"ಹೂಂ ಕಣವ್ವ, ಇನ್ಮೇಲೆ ಹಂಗೇ!"

ಬಸ್ಸು ಎರಡು ಗಂಟೆ ತಡವಾಗಿ ಬಂತು. ಚಂದ್ರಿ ಇಳಿದಳು, ಪುಟ್ಟಗೌರಮ್ಮ ಇಳಿದಳು. ಜ್ವರ ಬಿಟ್ಟ ಮೇಸ್ತ್ರಿಯೂ ಜೊತೆಗೆ ಬಂದ. ನಾಲ್ವರೂ ಮನೆಯ ಮುಂದೆ ಬಂದು ನಿಂತರು. ಮನೆ ಇತ್ತು. ಬಾಗಿಲು ಇರಲಿಲ್ಲ. ಕಿಟಕಿ ಇರಲಿಲ್ಲ. ನಿಂಗಾಜಮ್ಮ ಮನೆಯನ್ನು ಮೂರು ಸುತ್ತು ಸುತ್ತಿದಳು. ಸುತ್ತಲೂ ಬರೀ ಗೋಡೆ.

"ಲೋ ದೊಡ್ಡೀರ! ಎಲ್ಲಿದೀಯೋ?"

"ಒಳಗಿದೀನಿ ಕಣವ್ವ!"

"ಬಾಗ್ಲೆಲ್ಲೋ?"

"ಅದೇ ಎಲ್ಲಕ್ಕಿಂತ ದೊಡ್ಡ ತೂತು! ಮೊದ್ಲು ಅದನ್ನೇ ಮುಚ್ಚಿದೆ!"

ಪುಟ್ಟಗೌರಮ್ಮ ಬಾಯಿ ತೆರೆದಳು. ಎಲ್ಲಾ ಮುಗಿಯಿತು, ಮಗಳು ಕೈ ತಪ್ಪಿ ಹೋದಳು ಅಂತ ನಿಂಗಾಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಗುಡುಗಿತು. ಬೈಯಲೂ ಬಿಡದೆ ಮಳೆ ಸುರಿಯಿತು, ಅಂತಿಂಥ ಮಳೆಯಲ್ಲ. ನಾಲ್ವರೂ ತಾರಸಿಯ ಚಾಚಿದ ಅಂಚಿನ ಕೆಳಗೆ ಗೋಡೆಗೆ ಒತ್ತಿ ನಿಂತರು. ಅರ್ಧ ಗಂಟೆ ಎರಚಲು ಗೋಡೆಗೆ ಬಡಿಯಿತು. ಪುಟ್ಟಗೌರಮ್ಮ ಹೆಬ್ಬೆರಳಿನಿಂದ ಗೋಡೆ ಉಜ್ಜಿದಳು, ಬೆರಳು ನೋಡಿಕೊಂಡಳು. ಉಗುರಿನಿಂದ ಕೆರೆದಳು, ಉಗುರು ನೋಡಿಕೊಂಡಳು. ಒಂದು ಚೂರು ಮಣ್ಣಿಲ್ಲ.

"ಕರಗಲ್ಲ ಕಣ್ರೀ ಇದು," ಅಂದಳು ಮೆಲ್ಲಗೆ. "ಇರ್ಲಿ, ಚಂದ್ರಿ ಇಲ್ಲೇ ಇರ್ಲಿ. ಆದ್ರೆ ಒಳಗೆ ಹೋಗೋದು ಹೆಂಗೆ?"

ನಿಂಗಾಜಮ್ಮನಿಗೆ ಅಳು ಬಂತು, ನಗೆಯೂ ಬಂತು. "ಅಷ್ಟೇ ತಾನೆ!" ಅಂತ ಮೇಸ್ತ್ರಿ ಹಾರೆ ತಗೊಂಡ. ಬಾಗಿಲಿದ್ದ ಜಾಗದಲ್ಲಿ ಗಾರೆ ಇನ್ನೂ ಹಸಿಯಾಗಿತ್ತು, ಮೀಟಿ ಒಂದು ಇಟ್ಟಿಗೆ ಎಳೆದ. ಎಳೆದ ಕೂಡಲೇ ಒಳಗಿಂದ ಒಂದು ದಪ್ಪ ಕೈ ಬಂತು, ಆ ಜಾಗಕ್ಕೆ ಇನ್ನೊಂದು ಇಟ್ಟಿಗೆ ಇಟ್ಟಿತು. ಇವನು ಇನ್ನೊಂದು ಎಳೆದ, ಆ ಕೈ ಇನ್ನೊಂದು ಇಟ್ಟಿತು. ಎಳೆದ, ಇಟ್ಟಿತು. ಎಳೆದ, ಇಟ್ಟಿತು.

"ಅವ್ವಾ!" ಅಂತ ಒಳಗಿಂದ ದೊಡ್ಡೀರ ಕೂಗಿದ. "ಯಾವನೋ ಮನೆಗೆ ತೂತು ಹೊಡೀತಾವ್ನೆ! ನೀನೇನೂ ಹೆದರ್ಬೇಡ! ಒಳಗೆ ಇನ್ನೂ ಇನ್ನೂರು ಇಟ್ಟಿಗೆ ಅವೆ!"