ಗಲಾಟೆ ಮಾಡದ ಮಗು

"ಗುರುಗಳೇ, ಚಿಕ್ಕ ಮಕ್ಕಳಿಗೆ ಪಾಠ ಹೇಳುವವನಲ್ಲಿ ಯಾವ ಗುಣ ಇರಬೇಕು?"

ಕೇಳಿದವನು ಮಡಿವಾಳಯ್ಯ. ಮಠದಲ್ಲಿ ಏಳು ವರ್ಷ ಓದಿ, ಮರುದಿನ ಹೊಳೆಯಾಚೆಯ ಊರಿಗೆ ಮಕ್ಕಳ ಶಾಲೆ ನಡೆಸಲು ಹೊರಟಿದ್ದ. ಉತ್ತರಕ್ಕೂ ಕಾಯದೆ ತಾನೇ ಹೇಳತೊಡಗಿದ. ವಿದ್ಯೆ ಇರಬೇಕು, ತಾಳ್ಮೆ ಇರಬೇಕು, ಶಿಸ್ತು ಇರಬೇಕು, ಮಕ್ಕಳ ಮೇಲೆ ಪ್ರೀತಿ ಇರಬೇಕು.

"ಸಾಕು ತಮ್ಮಾ, ಸಂತೆಯ ಚೀಟಿ ಓದಿದ ಹಾಗೆ ಓದಬೇಡ" ಎಂದರು ಗುರುಗಳು. "ನೀನು ಹೇಳಿದ್ದೆಲ್ಲ ಇದ್ದ ಒಬ್ಬ ಮಾಸ್ತರನ ಕತೆ ಹೇಳುತ್ತೇನೆ, ಕೇಳು."

ಒಂದು ಊರಿನಲ್ಲಿ ಒಬ್ಬ ಮಾಸ್ತರನಿದ್ದ. ವಿದ್ಯಾವಂತ. ಬೆತ್ತ ಹಿಡಿದವನಲ್ಲ, ಹೊತ್ತು ತಪ್ಪಿ ಶಾಲೆಗೆ ಬಂದವನೂ ಅಲ್ಲ. ಅವನ ಕೈಕೆಳಗೆ ನಲವತ್ತು ಮಕ್ಕಳು. ಅವನು ಮಗ್ಗಿಯ ಒಂದು ಸಾಲು ಹೇಳಿದರೆ ನಲವತ್ತು ಬಾಯಿ ಒಟ್ಟಿಗೆ ಅದನ್ನೇ ಹೇಳಬೇಕು. ಆ ಸದ್ದು ಊರ ಅಗಸೆಬಾಗಿಲವರೆಗೆ ಹೋಗುತ್ತಿತ್ತು. ಕಟ್ಟೆಯ ಮೇಲೆ ಕೂತ ಹಿರಿಯರು, "ಶಾಲೆ ಅಂದರೆ ಇದಪ್ಪಾ!" ಎಂದು ತಲೆದೂಗುತ್ತಿದ್ದರು. ನಲವತ್ತರಲ್ಲಿ ಒಂದು ಬಾಯಿ ಬರಿದೇ ತುಟಿ ಆಡಿಸಿದರೂ ಸದ್ದೇನೂ ಕಡಿಮೆಯಾಗುವುದಿಲ್ಲ. ಅದು ಆ ಮಹಾನುಭಾವರಿಗೆ ಹೊಳೆಯಲಿಲ್ಲ.

ಶುಕ್ರವಾರ ಶಾರದೆಯ ಪೂಜೆ. ಪೂಜೆಯಾದ ಮೇಲೆ ಮಂಡಕ್ಕಿ ಬೆಲ್ಲ ಹಂಚುವುದು. ವಾರವಿಡೀ ಗಲಾಟೆ ಮಾಡದೆ ಕೂತ ಮಗುವಿಗೆ ಮೊದಲ ಬೊಗಸೆ. ಇದು ಮಾಸ್ತರನೇ ಹಾಕಿದ ಪದ್ಧತಿ. ಎರಡು ವರ್ಷ ಆ ಬೊಗಸೆ ಒಬ್ಬಳಿಗೇ ಸಿಕ್ಕಿತು. ಅವಳು ಪಾರವ್ವ, ಮಗ್ಗದಲ್ಲಿ ಬಟ್ಟೆ ನೇಯುವ ಒಬ್ಬ ವಿಧವೆಯ ಮಗಳು. ಕೂತರೆ ಕೂತಲ್ಲೇ. ಹಿಂದೆ ತಿರುಗುವುದಿಲ್ಲ, ಪಕ್ಕದವರೊಡನೆ ಪಿಸುಗುಡುವುದಿಲ್ಲ. ಹಲಗೆಯ ಮೇಲೆ ಬರೆದದ್ದನ್ನು ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಿದ್ದಳು. "ಅವಳನ್ನು ನೋಡಿ ಕಲಿಯಿರೋ" ಎಂದು ಮಾಸ್ತರ ಉಳಿದವರಿಗೆ ಹೇಳುತ್ತಿದ್ದ. ಎದ್ದುಹೋಗಿ ತಾನೇ ಅವಳ ಉಡಿಗೆ ಮಂಡಕ್ಕಿ ಸುರಿಯುತ್ತಿದ್ದ.

ಮೊದಲ ವರ್ಷದ ಮಳೆಗಾಲ ಕಳೆದ ಮೇಲೆ ತಾಯಿ ಒಂದು ದಿನ ಶಾಲೆಗೆ ಬಂದಳು. "ಮಾಸ್ತರೇ, ಮಗುವಿಗೆ ಜ್ವರ ಬಂದು ಕಿವಿ ಸೋರಿತ್ತು. ಆಮೇಲೆ ಮಂಕಾಗಿದ್ದಾಳೆ. ಕರೆದರೆ ಬರುವುದಿಲ್ಲ. ಮಗ್ಗದ ಗದ್ದಲದಲ್ಲಿ ನನ್ನ ಮಾತು ಮುಟ್ಟುವುದಿಲ್ಲವೋ, ಏನೋ ಗೊತ್ತಾಗುವುದಿಲ್ಲ. ನಿಮ್ಮೆದುರು ಹೇಗಿರುತ್ತಾಳೆ?"

"ಬಂಗಾರದಂಥ ಹುಡುಗಿ ತಾಯಿ" ಎಂದ ಮಾಸ್ತರ. "ವಿದ್ಯೆ ತಲೆಗೆ ಹತ್ತಿದರೆ ಮಾತು ಕಡಿಮೆಯಾಗುತ್ತದೆ. ಹೆದರಬೇಡಿ."

ಮಾಸ್ತರ ಹೇಳಿದ ಮೇಲೆ ಇನ್ನೇನು? ಬಡವಿ ನಂಬಿ ಮನೆಗೆ ಹೋದಳು. ವೈದ್ಯನ ಮನೆಗೆ ಹೋಗಬೇಕೆಂದು ಹೊರಟವಳು ಹೋಗಲಿಲ್ಲ.

ಆ ಊರಿನಲ್ಲಿ ಮಂಡಕ್ಕಿ ಹುರಿಯುವ ಒಬ್ಬ ಮುದುಕಿ ಇದ್ದಳು. ಒಂದಕ್ಷರ ಬಾರದವಳು. ಎರಡನೆಯ ವರ್ಷ ಮುಗಿಯುತ್ತ ಬಂದಾಗ ಒಂದು ಶುಕ್ರವಾರ ಅವಳೇ ಬುಟ್ಟಿ ಹೊತ್ತು ಶಾಲೆಗೆ ಬಂದಳು. ಬಾಗಿಲು ಮಕ್ಕಳ ಬೆನ್ನ ಹಿಂದೆ. ಬಾಗಿಲ ಹತ್ತಿರ ಕೂತವಳು ಪಾರವ್ವ. "ಪಾರವ್ವಾ, ಬುಟ್ಟಿಗೆ ಒಂಚೂರು ಕೈ ಕೊಡೇ ತಾಯಿ" ಎಂದಳು ಮುದುಕಿ. ಮೂವತ್ತೊಂಬತ್ತು ಮಕ್ಕಳು ತಿರುಗಿ ನೋಡಿದರು. ಪಾರವ್ವ ತಿರುಗಲಿಲ್ಲ. ಮುದುಕಿ ಬುಟ್ಟಿಯನ್ನು ತಾನೇ ಇಳಿಸಿ, ಅವಳ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದಳು. ಆಗಲೂ ಇಲ್ಲ.

"ಅಯ್ಯೋ ಶಿವನೇ! ಈ ಕೂಸಿಗೆ ಕಿವಿ ಕೇಳಿಸುವುದಿಲ್ಲವಲ್ಲೋ ಮಾಸ್ತರಾ! ಎಷ್ಟು ದಿನವಾಯಿತು?"

ಮಾಸ್ತರನಿಗೆ ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ಅವನು ಅವಳನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ಬೈಯುವುದಕ್ಕಾದರೂ ಕರೆಯಬೇಕಿತ್ತು, ಅದಕ್ಕೆ ಅವಳು ಕಾರಣ ಕೊಟ್ಟಿರಲಿಲ್ಲ.

ವೈದ್ಯ ಕಿವಿ ನೋಡಿದ. "ಸೋರಿದ ಹೊಸತರಲ್ಲೇ ತಂದಿದ್ದರೆ ಉಳಿಯುತ್ತಿತ್ತು ತಾಯಿ. ಈಗ ನನ್ನ ಕೈಲಾಗದು" ಎಂದ. ತಾಯಿ ನೆಟ್ಟಗೆ ಶಾಲೆಗೆ ಬಂದಳು. ಅಳಲಿಲ್ಲ, ಮಾಸ್ತರನನ್ನು ಬೈಯಲೂ ಇಲ್ಲ. "ನಾನು ನಿಮ್ಮನ್ನು ಕೇಳಿದ್ದೆನಲ್ಲಾ" ಎಂದಳು, ಅಷ್ಟೇ.

ಊರ ಹಿರಿಯರು ಕಟ್ಟೆಯ ಮೇಲೆ ಸೇರಿದರು. ಕಿವುಡಿಗೆ ಶಾಲೆ ಯಾಕೆ ಎಂದು ಹುಡುಗಿಯನ್ನು ಬಿಡಿಸಿದರು. ಇಂಥ ಶಿಸ್ತಿನ ಮಾಸ್ತರ ಇನ್ನೆಲ್ಲಿ ಸಿಗುತ್ತಾನೆ ಎಂದು ಅವನನ್ನು ಉಳಿಸಿಕೊಂಡರು. ಥೂ, ನ್ಯಾಯವೇ! ಮುಂದಿನ ಶುಕ್ರವಾರ ಮೊದಲ ಬೊಗಸೆ ಸುಮ್ಮನೆ ಕೂತ ಇನ್ನೊಂದು ಮಗುವಿಗೆ ಸಿಕ್ಕಿತು.

ಗುರುಗಳು ಕತೆ ನಿಲ್ಲಿಸಿದರು.

"ಆ ಮಾಸ್ತರನಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲ" ಎಂದ ಮಡಿವಾಳಯ್ಯ.

"ಇತ್ತೋ ಹುಚ್ಚಪ್ಪಾ. ಆ ಬೊಗಸೆಯನ್ನು ಅವನು ಪ್ರೀತಿಯಿಂದಲೇ ಸುರಿದ."

ಮಡಿವಾಳಯ್ಯ ಕೈಮುಗಿದು ತಲೆಬಾಗಿದ. "ಅರ್ಥವಾಯಿತು ಗುರುಗಳೇ" ಎಂದ.

ಗುರುಗಳು ಅವನ ಗದ್ದ ಹಿಡಿದು ಮುಖ ಎತ್ತಿದರು.

"ಏಳು ವರ್ಷದಿಂದ ಅರ್ಥವಾಯಿತು ಅನ್ನುತ್ತಲೇ ಇದ್ದೀಯ, ಏನು ಅರ್ಥವಾಯಿತು ಎಂದು ನಾನೂ ಒಂದು ದಿನ ವಿಚಾರಿಸಲಿಲ್ಲವಲ್ಲೋ."