ಹದಿನೇಳನೆಯ ಮುಚ್ಚಳ

ಮೂರು ಮಠ ಸುತ್ತಿ, ನಾಲ್ಕನೆಯ ಮಠದಲ್ಲಿ ಊಟ ಚೆನ್ನಾಗಿದೆ ಅಂತ ಎಂಟು ತಿಂಗಳು ನಿಂತು, ಅಲ್ಲೂ ಜ್ಞಾನ ಸಿಗದೆ ಪಾಲಾಕ್ಷ ಹೊಳೆ ದಂಡೆಯ ಓಬಯ್ಯನವರ ಗುಡಿಸಲಿಗೆ ಬಂದ. ಆಗ ಅವನಿಗೆ ಮೂವತ್ತು ದಾಟಿತ್ತು.

ಓಬಯ್ಯ ಕಾವಿ ಉಟ್ಟವರಲ್ಲ. ಪೇಟೆಯ ಮೋರಿಗಳನ್ನು ಪುರಸಭೆಯವರು ಅವರ ಕೈಗೆ ಒಪ್ಪಿಸಿ ನಲವತ್ತು ವರ್ಷವಾಗಿತ್ತು. ಊರವರ ಬಾಯಲ್ಲಿ ಅವರು 'ಮುಚ್ಚಳದ ತಾತ'. ನೀರು ಹರಿಯುತ್ತಿದ್ದಷ್ಟು ದಿನ ಯಾರೂ ಅವರನ್ನು ಕೇಳುತ್ತಿರಲಿಲ್ಲ. ಎಲ್ಲೋ ಬಚ್ಚಲು ಕಟ್ಟಿತೋ, ಸಂಕಟ ಬಂದಾಗ ವೆಂಕಟರಮಣ.

"ಅಯ್ಯಾ, ಜ್ಞಾನ ಬೇಕು" ಅಂದ ಪಾಲಾಕ್ಷ.

ಓಬಯ್ಯ ಒಂದು ಕಬ್ಬಿಣದ ಸಲಾಕೆ ಅವನ ಕೈಗಿಟ್ಟರು.

"ಪೇಟೆಯಲ್ಲಿ ಮೂವತ್ತೆರಡು ಮುಚ್ಚಳ ಇದಾವೆ. ತಟ್ಟು, ತೆರೆ, ನೋಡು, ಮುಚ್ಚು. ಸಂಜೆ ಬಂದು ಏನು ನೋಡಿದೆ ಹೇಳು."

ಬೀದಿಯ ಕೆಳಗೆ ಒಳಮೋರಿ. ಅದರ ಬಾಯಿಗೆಲ್ಲ ದುಂಡನೆಯ ಕಬ್ಬಿಣದ ಮುಚ್ಚಳ. ತೆರೆದರೆ ಆಳದಲ್ಲಿ ಊರಿನ ಬಚ್ಚಲ ನೀರು ತನ್ನ ಪಾಡಿಗೆ ಹರಿಯುತ್ತಿತ್ತು. ಪಾಲಾಕ್ಷ ಮೂಗು ಹಿಡಿದುಕೊಂಡು ಮೂವತ್ತೆರಡನ್ನೂ ತೆರೆದ, ಮುಚ್ಚಿದ. ಬಂದ.

"ಏನು ನೋಡಿದೆ?"

"ಏನೂ ಇಲ್ಲ ಅಯ್ಯಾ."

"ಏನೂ ಇಲ್ಲ ಅಂತ ನೋಡಿದೆಯೋ, ಏನೂ ನೋಡಲಿಲ್ಲವೋ?"

ಪಾಲಾಕ್ಷ ತಬ್ಬಿಬ್ಬಾದ. ಒಂಬತ್ತನೆಯದರಲ್ಲಿ ನೀರು ಎಷ್ಟಿತ್ತು? ನಿಂತಿತ್ತೋ, ಹರಿಯುತ್ತಿತ್ತೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

"ಹೋಗು, ನೋಡಿಕೊಂಡು ಬಾ" ಅಂದರು ಗುರುಗಳು.

ಮತ್ತೆ ಮೂವತ್ತೆರಡು. ಮಠದಲ್ಲೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಪ್ರಸಾದ ಆಗಿರುತ್ತಿತ್ತು ಅಂದುಕೊಂಡೇ ತಿರುಗಿದ, ಪಾಪ.

ಹೀಗೆ ಆರು ವರ್ಷ. ದಿನಾ ಸಂಜೆ ಅದೇ ಎರಡು ಪ್ರಶ್ನೆ. ಬರಬರುತ್ತ ಉತ್ತರ ಹೇಳಲು ಕಲಿತ.

"ಐದರಲ್ಲಿ ನೀರು ಒಂದು ಗೇಣು, ಹರಿವು ಚೆನ್ನಾಗಿದೆ. ಹನ್ನೊಂದರಲ್ಲಿ ಬೂದಿ ಕಂಡಿತು, ಯಾರೋ ಒಲೆ ಬೂದಿ ತಂದು ಬಚ್ಚಲಿಗೆ ಸುರಿದಿದ್ದಾರೆ. ಮಿಕ್ಕಿದ್ದರಲ್ಲಿ ಏನೂ ಇಲ್ಲ ಅಂತ ನೋಡಿದೆ."

"ಹಾಂ. ಊಟ ಮಾಡು."

ಒಮ್ಮೆ ಕೇಳಿದ: "ಅಯ್ಯಾ, ಮಳೆ ನೀರಿಗೆ ಮೇಲೊಂದು ಕಾಲುವೆ, ಬಚ್ಚಲ ನೀರಿಗೆ ಕೆಳಗೊಂದು ಮೋರಿ. ಎರಡು ಯಾಕೆ? ನೀರೆಲ್ಲ ಒಂದೇ ಅಲ್ಲವೇ?"

ಮಠದಲ್ಲಿ ಕಲಿತ ಮಾತು ಇನ್ನೂ ನಾಲಿಗೆಯಿಂದ ಇಳಿದಿರಲಿಲ್ಲ.

"ಮಳೆ ನೀರು ನೆಂಟ. ಗದ್ದಲ ಮಾಡ್ಕೊಂಡು ಬರ್ತಾನೆ, ಹೋಗ್ತಾನೆ. ಬಚ್ಚಲ ನೀರು ಮನೆಯವನು, ದಿನಾ ಇರೋನು. ಇಬ್ಬರಿಗೂ ಒಂದೇ ಎಲೆ ಹಾಕಿದರೆ ಇಬ್ಬರಿಗೂ ಊಟ ಇಲ್ಲ."

ಇನ್ನೊಮ್ಮೆ, ಮುಂಗಾರಿಗೆ ಮೊದಲು, ಮಳೆ ಕಾಲುವೆಯ ಹೂಳೆತ್ತಿ ಸೊಂಟ ಹಿಡಿದುಕೊಂಡು ಬಂದ.

"ಜ್ಞಾನ ಯಾವಾಗ ಕೊಡ್ತೀರಿ ಅಯ್ಯಾ?"

"ಹೂಳು ತೆಗೆದದ್ದು ಆಯ್ತಾ?"

"ಪೂರ್ತಿ ಆಯ್ತು."

"ಹೋದ ವರ್ಷವೂ ಪೂರ್ತಿ ಆಗಿತ್ತಲ್ಲಪ್ಪಾ" ಅಂದು ಗುರುಗಳು ನಕ್ಕರು.

ಆದರೆ ಒಂದು ಮಾತನ್ನು ಅವರು ನಗದೆ ಹೇಳಿದ್ದರು. ಬಂದ ಮೊದಲ ವಾರವೇ ಪಾಲಾಕ್ಷನನ್ನು ಕರೆದುಕೊಂಡು ಹೋಗಿ, ಒಂದು ಮುಚ್ಚಳ ತೆಗೆಸಿ, ಲಾಂದ್ರ ಹಚ್ಚಿ ಹಗ್ಗದಲ್ಲಿ ಕೆಳಗೆ ಬಿಟ್ಟರು. ಗಾಳಿ ಇರಲಿಲ್ಲ. ಎಣ್ಣೆಯೂ ಇತ್ತು. ಆದರೂ ದೀಪ ಸಣ್ಣಗಾಗಿ ಆರಿಹೋಯಿತು.

"ದೀಪ ಆರೋ ಕಡೆ ಮನುಷ್ಯನೂ ಆರ್ತಾನೆ. ನಾವು ದಿನಾ ಮೇಲಿಂದ ನೋಡೋದು ಯಾಕೆ ಗೊತ್ತಾ? ಯಾರೂ ಕೆಳಗೆ ಇಳಿಯೋ ಹಾಗೆ ಆಗಬಾರದು ಅಂತ. ಬೇಗ ಕಂಡರೆ ಬಿದಿರು ಸೀಳು ಹಾಕಿ ಮೇಲಿಂದಲೇ ಬಿಡಿಸಬಹುದು. ತಡವಾಗಿ ಕಂಡರೆ ಯಾವನೋ ಒಬ್ಬ ಇಳೀಬೇಕು. ನಲವತ್ತು ವರ್ಷದಲ್ಲಿ ಒಬ್ಬನನ್ನೂ ಇಳಿಸಿಲ್ಲ ನಾನು."

ಓಬಯ್ಯನವರಿಗೆ ಹೆಮ್ಮೆ ಅಂತ ಏನಾದರೂ ಇದ್ದರೆ ಅದೊಂದೇ.

ಹದಿನಾರನೆಯ ಮುಚ್ಚಳದ ಹತ್ತಿರ ಬೀದಿ ತಗ್ಗು. ಅಲ್ಲಿ ಮಂಡಕ್ಕಿ ತಿಪ್ಪಣ್ಣನ ಮನೆ, ಮನೆ ಮುಂದೆ ಮಂಡಕ್ಕಿ ಹುರಿಯುವ ಭಟ್ಟಿ. ಒಳಗೆ ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಎದ್ದು ಕೂರಲಾಗದ ತಾಯಿ. ದಿನಾ ಬೆಳಿಗ್ಗೆ ತಿಪ್ಪಣ್ಣ ಬಿಸಿ ಮಂಡಕ್ಕಿಯನ್ನು ಮೊರದಲ್ಲಿ ಹಿಡಿದು ನಿಲ್ಲುತ್ತಿದ್ದ.

"ಏನ್ ಸ್ವಾಮಿ, ಇವತ್ತೂ ಏನೂ ಇಲ್ವಾ?"

"ಏನೂ ಇಲ್ಲ ಮಾರಾಯ."

"ನಿಂದೇ ಬೇಷು ಕಣಯ್ಯಾ. ಏನೂ ಇಲ್ಲದ್ದನ್ನ ನೋಡೋ ಕೆಲಸ. ತಗೋ, ಕೈ ಒಡ್ಡು."

ಆ ಮಂಡಕ್ಕಿ ತಿನ್ನುತ್ತಲೇ ಪಾಲಾಕ್ಷ ಹದಿನೇಳಕ್ಕೆ ನಡೆಯುತ್ತಿದ್ದ. ಜಗತ್ತಿನಲ್ಲಿ ಅವನಿಗೆ ಗೆಳೆಯ ಅಂತ ಇದ್ದವನು ಅವನೊಬ್ಬನೇ.

ಹದಿನೇಳನೆಯ ಮುಚ್ಚಳ ಜವಳಿ ಅಂಗಡಿ ಶಿವಶಂಕರಪ್ಪನವರ ಮನೆ ಮುಂದೆ. ಆ ವರ್ಷ ಅವರ ಮಗಳ ಮದುವೆ. ಬೀದಿಯ ಅಗಲಕ್ಕೂ ಚಪ್ಪರ, ನೆಲಕ್ಕೆ ಜಮಖಾನ, ಹಿತ್ತಲಲ್ಲಿ ಅಡುಗೆ ಭಟ್ಟರ ದಂಡು. ಪಾಲಾಕ್ಷ ಸಲಾಕೆ ಹಿಡಿದು ಹೋದಾಗ ಶಿವಶಂಕರಪ್ಪನವರು ಓಡಿ ಬಂದರು.

"ಅಯ್ಯೋ, ಇವತ್ತು ಬೇಡಪ್ಪಾ! ಬೀಗರು ಬರೋ ಹೊತ್ತು. ಜಮಖಾನ ಎತ್ತಿ ಮೋರಿ ಬಾಯಿ ತೆಗೆದರೆ ನನ್ನ ಮರ್ಯಾದೆ ಏನಾಗಬೇಕು? ಎರಡು ದಿನ ಬಿಡು. ಏನಾಗಿಬಿಡುತ್ತೆ?"

ಆರು ವರ್ಷದಲ್ಲಿ ಹದಿನೇಳರಲ್ಲಿ ಏನೂ ಆಗಿರಲಿಲ್ಲ. ಪಾಲಾಕ್ಷ ನಿಂತ. ಒಳಗಿಂದ ಯಾರೋ ಬಾಳೆ ಎಲೆಯಲ್ಲಿ ನಾಲ್ಕು ಹೋಳಿಗೆ ಸುತ್ತಿ ತಂದು ಕೈಗಿಟ್ಟರು. ಎಲೆಯಿಂದ ತುಪ್ಪ ಸೋರುತ್ತಿತ್ತು.

ತಿಪ್ಪಣ್ಣ ಭಟ್ಟಿಯ ಹತ್ತಿರದಿಂದಲೇ ಕೂಗಿದ: "ಏನ್ ಸ್ವಾಮಿ, ಹದಿನೇಳು ನೋಡಲ್ವಾ? ಹೋಳಿಗೆ ನೋಡ್ಕೊಂಡು ಹೊರಟುಬಿಟ್ಟೆ?"

"ನಾಳಿದ್ದು ನೋಡಿದರಾಯ್ತು ಬಿಡೋ" ಅಂದ ಪಾಲಾಕ್ಷ, ನಗುತ್ತ.

ಸಂಜೆ ಹೋಳಿಗೆಯ ಎಲೆಯನ್ನು ಗುರುಗಳ ಮುಂದೆ ಬಿಚ್ಚಿಟ್ಟ. ಓಬಯ್ಯನವರಿಗೆ ಸಿಹಿ ಅಂದರೆ ಪ್ರಾಣ. ಹಲ್ಲಿಲ್ಲದ ಬಾಯಿಗೆ ಹೋಳಿಗೆಗಿಂತ ಬೇರೆ ಸುಖ ಯಾವುದು?

"ಏನು ನೋಡಿದೆ?" ಅಂದರು, ತಿನ್ನುತ್ತ.

"ಏನೂ ಇಲ್ಲ ಅಯ್ಯಾ."

ಅಂದು ಕಾದ. ಎರಡನೆಯ ಪ್ರಶ್ನೆ ಬಂದರೆ ಸುಳ್ಳು ಹೇಳಲು ಅವನ ಕೈಲಿ ಆಗುತ್ತಿರಲಿಲ್ಲ. ಬಂದರೆ ನಿಜ ಹೇಳಿಬಿಡೋಣ ಅಂದುಕೊಂಡ.

ಗುರುಗಳು ಎರಡನೆಯ ಹೋಳಿಗೆ ಮುರಿದರು. "ತುಪ್ಪ ಒಳ್ಳೇದು ಹಾಕಿದ್ದಾರೆ ಕಣೋ" ಅಂದರು. ತಿಂದು, ಕೈ ತೊಳೆದು, ಮಲಗಿದರು.

ಪಾಲಾಕ್ಷನಿಗೆ ಎದೆ ಹಗುರಾಯಿತು. ಆ ಹಗುರಕ್ಕಾಗಿ ಆಮೇಲೆ ಎಷ್ಟು ಸಲ ತನ್ನನ್ನು ತಾನೇ ಬೈದುಕೊಂಡನೋ.

ಮರುದಿನ ಧಾರೆ. ಧಾರೆಯ ದಿನ ಜಮಖಾನ ಎತ್ತಿ ಅನ್ನಲು ಯಾರಿಗೆ ಬಾಯಿ ಬರುತ್ತೆ? ಅವತ್ತೂ ಬಿಟ್ಟ. ಆ ಎರಡು ದಿನ ಹಿತ್ತಲಿನ ಬಚ್ಚಲಿಗೆ ಇಳಿದದ್ದೇನು ಕಡಿಮೆಯೇ? ಕರಿದ ಎಣ್ಣೆ, ತುಪ್ಪದ ಗಸಿ, ಅನ್ನ, ಎಲೆಯ ಚೂರು. ಮೋರಿಯ ತಂಪಿಗೆ ಎಲ್ಲವೂ ಹೆಪ್ಪುಗಟ್ಟಿ, ಹದಿನೇಳರ ಗಂಟಲಿನಲ್ಲಿ ಬೆಣೆ ಹೊಡೆದ ಹಾಗೆ ಕೂತಿತು.

ಊಟದ ಪಂಕ್ತಿ ಏಳುವ ಹೊತ್ತಿಗೆ ಮಳೆ ಬಂತು, ಆ ವರ್ಷದ ಮೊದಲ ದೊಡ್ಡ ಮಳೆ. ಬೀಗರೆಲ್ಲ ಮನೆಯೊಳಗೆ ಸೇರಿದರು. ಅಂಗಳದ ಮಳೆ ನೀರನ್ನು ಬಚ್ಚಲಿಗೆ ತಿರುಗಿಸುವ ಪುಣ್ಯಾತ್ಮರು ಎಲ್ಲ ಊರಲ್ಲೂ ಇರುತ್ತಾರೆ, ಇಲ್ಲೂ ಇದ್ದರು. ನೆಂಟ ಬಂದು ಮನೆಯವನ ಎಲೆಗೆ ಕೈ ಹಾಕಿದ.

ಗುರು ಶಿಷ್ಯರಿಬ್ಬರೂ ಆಗ ಹೊಳೆಯ ಹತ್ತಿರ, ಮಳೆ ಕಾಲುವೆಯ ಸರಳಿಗೆ ಸಿಕ್ಕಿಕೊಂಡ ಕಸ ಬಿಡಿಸುತ್ತಿದ್ದರು. ಆ ತಗ್ಗಿನ ಬೀದಿಯಿಂದ ಒಬ್ಬ ಓಡಿ ಬಂದ.

"ತಾತಾ, ಹದಿನಾರು ಉಕ್ಕುತಾ ಇದೆ! ತಿಪ್ಪಣ್ಣನ ಮನೆಗೆ ಹೊಲಸು ನೀರು ನುಗ್ಗಿದೆ, ಮುದುಕಿ ಚಾಪೆ ತೇಲ್ತಾ ಇದೆ!"

"ಹದಿನೇಳು ಹೇಗಿತ್ತು ಇವತ್ತು?" ಅಂತ ಕೇಳಿದರು ಓಬಯ್ಯ, ಪಾಲಾಕ್ಷನ ಕಡೆ ತಿರುಗಿ.

ಪಾಲಾಕ್ಷ ಲಾಂದ್ರ, ಹಗ್ಗ, ಬಿದಿರು ಸೀಳು ಹಿಡಿದು ಓಡಿದ.

ತಿಪ್ಪಣ್ಣ ಕಾಯಲಿಲ್ಲ. ಹೆತ್ತವಳು ಹೊಲಸಿನಲ್ಲಿ ಮಲಗಿದ್ದರೆ ಯಾವ ಮಗ ಕಾಯುತ್ತಾನೆ? ತಾಯಿಯನ್ನು ಎತ್ತಿ ಅಟ್ಟದ ಮೇಲೆ ಮಲಗಿಸಿದ. ನೀರು ಏರುತ್ತಲೇ ಇತ್ತು. ಯಾವ ಮುಚ್ಚಳ ತೆರೆದಿಲ್ಲ ಅಂತ ಆ ತಗ್ಗಿನವರಲ್ಲಿ ಗೊತ್ತಿದ್ದವನು ಅವನೊಬ್ಬನೇ. ಖಾಲಿ ಚಪ್ಪರಕ್ಕೆ ನುಗ್ಗಿ, ಜಮಖಾನ ಸರಿಸಿ, ಭಟ್ಟಿಯ ಸಲಿಕೆಯಿಂದ ಹದಿನೇಳನ್ನು ಮೀಟಿ, ಸಲಿಕೆ ಸಮೇತ ಇಳಿದ. ಪಾಲಾಕ್ಷ ದಿನಾ ತೆರೆದು ಬಗ್ಗುವುದನ್ನು ಆರು ವರ್ಷ ನೋಡಿದ್ದನಲ್ಲ. ಅದರಲ್ಲೇನಿದೆ ಅಂದುಕೊಂಡಿರಬೇಕು. ಲಾಂದ್ರದ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ.

ಪಾಲಾಕ್ಷ ಬೀದಿಯ ತಿರುವಿಗೆ ಬರುವಾಗ ಗೊಳಗೊಳ ಸದ್ದು ಕೇಳಿಸಿತು. ಹದಿನಾರರ ನೀರು ಸರ್ರನೆ ಇಳಿಯಿತು. ತಗ್ಗಿನ ಮನೆಯವರೆಲ್ಲ "ಬಿಡ್ತು, ಬಿಡ್ತು!" ಅಂತ ಕೂಗಿದರು.

ತಿಪ್ಪಣ್ಣ ಮೇಲೆ ಬರಲಿಲ್ಲ.

ಪಾಲಾಕ್ಷ ಲಾಂದ್ರ ಇಳಿಸಿದ. ಎರಡು ಮೊಳ ಹೋಗುವಷ್ಟರಲ್ಲಿ ಆರಿತು. ಲಾಂದ್ರ ಬಿಸಾಡಿ ತಾನೇ ಕಾಲು ಇಳಿಬಿಟ್ಟ. ಅಷ್ಟರಲ್ಲಿ ಹಿಂದೆ ಬಂದ ಗುರುಗಳು ಅವನ ಅಂಗಿ ಹಿಡಿದುಕೊಂಡರು. ಮಂಡಿ ನೋವಿನ ಮುದುಕನ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಬಿಡಲೇ ಇಲ್ಲ. ಹಗ್ಗಕ್ಕೆ ಕೊಕ್ಕೆ ಕಟ್ಟಿ ತಿಪ್ಪಣ್ಣನನ್ನು ಎಳೆದರು. ಮೇಲೆ ತಂದಾಗ ಜೀವ ಇರಲಿಲ್ಲ.

ಶಿವಶಂಕರಪ್ಪನವರು ಪಂಚೆ ಎತ್ತಿ ಹಿಡಿದು ಬಂದು, "ಇನ್ನು ಮೇಲೆ ಮುಚ್ಚಳದ ಮೇಲೆ ಚಪ್ಪರ ಹಾಕಬಾರದು ಅಂತ ಪುರಸಭೆಗೆ ನಾನೇ ಬರೀತೀನಿ" ಅಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಮಣ್ಣು ಮಾಡಿ ಬಂದ ಮೇಲೆ ಪಾಲಾಕ್ಷ ತಿಪ್ಪಣ್ಣನ ಮನೆ ಹೊಸ್ತಿಲಲ್ಲಿ ಕೂತ. ಒಳಗಿಂದ ಮುದುಕಿ ಕರೆದಳು.

"ಪಾಲಾಕ್ಷಪ್ಪಾ."

"ಅವ್ವಾ."

"ನೀನು ದಿನಾ ನೋಡ್ತಿದ್ದೆಯಲ್ಲಪ್ಪಾ. ಮುಂಚಿನ ದಿನ ಏನೂ ಇರಲಿಲ್ವಾ?"

ಇತ್ತು ಅನ್ನಲಾರ, ಇರಲಿಲ್ಲ ಅನ್ನಲಾರ. ಅವಳ ಕಾಲು ಹಿಡಿದುಕೊಂಡು ಅತ್ತ. ಮಗನ ಗೆಳೆಯ ದುಃಖಕ್ಕೆ ಅಳುತ್ತಿದ್ದಾನೆ ಅಂದುಕೊಂಡು ಅವಳೇ ಅವನ ತಲೆ ಸವರಿದಳು.

ಗುಡಿಸಲಿಗೆ ಬಂದು ಸಲಾಕೆಯನ್ನು ಗುರುಗಳ ಮುಂದೆ ಇಟ್ಟ.

"ಅಯ್ಯಾ, ಹದಿನೇಳನ್ನು ನಾನು ತೆರೆದಿರಲಿಲ್ಲ. ಎರಡು ದಿನ. ಏನೂ ಇಲ್ಲ ಅಂತ ನಿಮಗೆ ಸುಳ್ಳು ಹೇಳಿದೆ. ಹೋಳಿಗೆ ಮುಂದಿಟ್ಟು ಹೇಳಿದೆ."

ಗುರುಗಳು ಹೊಳೆಯ ಕಡೆ ನೋಡುತ್ತಿದ್ದರು.

"ನಿಮ್ಮ ನಲವತ್ತಾರು ವರ್ಷವನ್ನು ನಾನು ಮುಳುಗಿಸಿದೆ. ತಿಪ್ಪಣ್ಣನನ್ನು ಕೊಂದೆ. ಬೈಯಿರಿ ಅಯ್ಯಾ. ಹೊಡೆಯಿರಿ. ಹೊರಗೆ ಹಾಕಿ."

ಓಬಯ್ಯ ಮಂಡಿ ಹಿಡಿದುಕೊಂಡು ಎದ್ದರು. ಸಲಾಕೆ ಎತ್ತಿ ಮತ್ತೆ ಅವನ ಕೈಗೆ ಕೊಟ್ಟರು.

"ನಾಳೆಯಿಂದ ಹದಿನಾರಕ್ಕೆ ಹೋದಾಗ ಒಳಗೂ ಹೋಗು. ಆ ತಾಯಿಗೆ ಗಂಜಿ ಕುಡಿಸು. ನಿಜ ಹೇಳು. ಹೇಳಿದ ಮೇಲೂ ದಿನಾ ಹೋಗು."

"ಆಗಲಿ ಅಯ್ಯಾ."

"ನಿನಗೆ ಮೂವತ್ತೆರಡು ಇದ್ದವು. ಒಂದನ್ನು ಬಿಟ್ಟೆ."

"ಹೌದು ಅಯ್ಯಾ."

ಗುರುಗಳು ಬೆರಳು ಮಡಚಿ ಅವನ ಎದೆಯ ಮೇಲೆ ಎರಡು ಸಲ ತಟ್ಟಿದರು, ಮುಚ್ಚಳ ತಟ್ಟುವ ಹಾಗೆ.

"ನನಗೆ ಇದ್ದದ್ದೇ ಇದೊಂದು ಕಣಪ್ಪಾ. ಹೋಳಿಗೆ ತಿಂದು, ತೆರೆದು ನೋಡದೆ ಮಲಗಿಬಿಟ್ಟೆ."